ಮೆರುಗಿನ ಬಿರುಕು

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿ)

ಒಂದೊಂದು ಮನೆಯಲ್ಲಿ ಒಂದೊಂದು ಮಾತನ್ನು ಆಡಬಾರದು. ದೀಪ ಹಚ್ಚಿದ ಮೇಲೆ ಹಾವಿನ ಹೆಸರೆತ್ತಬಾರದೆಂದು ನಮ್ಮ ಅಜ್ಜಿ ಗದರುತ್ತಿದ್ದಳು. ನಮ್ಮ ತಂದೆಯವರ ಎದುರಿನಲ್ಲಂತೂ ಹಾಡುಹಗಲಿನಲ್ಲಿಯೂ ಆಡಬಾರದ ಮಾತೊಂದಿತ್ತು. ಅದು 'ಬಿರುಕು.'

ನಮ್ಮ ತಂದೆ ಮರದ ಸಾಮಾನುಗಳಿಗೆ ಮೆರುಗು ಹಾಕುವವರು. ಬಡಗಿ ಮಾಡಿ ಮುಗಿಸಿದ ಬಾಗಿಲು, ಬೀರು, ಮಂಚ, ಮೇಜುಗಳು ಅವರ ಕೈಗೆ ಬರುತ್ತವೆ. ಅವರು ಮೊದಲು ಉಪ್ಪುಕಾಗದದಿಂದ ತಿಕ್ಕಿ ಮೈಯನ್ನು ನಯ ಮಾಡುತ್ತಾರೆ. ಹಿಂದೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಬಟ್ಟೆಯ ಉಂಡೆಯಿಂದ ಹತ್ತಾರು ಬಾರಿ ಎಳೆದೆಳೆದು ಹೊಳಪು ತರಿಸುತ್ತಿದ್ದರು. ಈಗ ಬಹುಮಟ್ಟಿಗೆ ಡಬ್ಬಿಯಲ್ಲಿ ಬರುವ ಎನ್. ಸಿ. ಲ್ಯಾಕರನ್ನು ತಿನ್ನರಿನಲ್ಲಿ ತೆಳುಮಾಡಿ ಗನ್ನಿನಿಂದ ಹೊಡೆಯುತ್ತಾರೆ. ಕೆಲಸ ಮುಗಿದ ಮೇಲೆ ಅವರು ತಮ್ಮ ಮುಖವನ್ನು ಬೀರುವಿನ ಬಾಗಿಲಲ್ಲಿ ನೋಡಿಕೊಳ್ಳುವುದುಂಟು. ಮುಖ ಕಂಡರೆ ಕೆಲಸ ಸರಿಯಾಗಿದೆ ಎಂದು ಲೆಕ್ಕ. ನಮ್ಮ ಮನೆಯಲ್ಲಿ ಬಹುಕಾಲ ಬೇರೆ ಕನ್ನಡಿ ಇರಲಿಲ್ಲವೆಂದು ಅಮ್ಮ ಹಾಸ್ಯ ಮಾಡುತ್ತಾಳೆ.

ನಾನು ಹೈಸ್ಕೂಲು ಮುಗಿಸಿದ ವರ್ಷ, ಮದುವೆಯೊಂದಕ್ಕೆಂದು ಅಪ್ಪ ಮೆರುಗು ಹಾಕಿಕೊಟ್ಟಿದ್ದ ತೇಗದ ಬೀರುವೊಂದು ಆರೇ ತಿಂಗಳಿಗೆ ಲಗೇಜು ಆಟೋದಲ್ಲಿ ಮಲಗಿಕೊಂಡು ನಮ್ಮ ಅಂಗಡಿಗೆ ವಾಪಸು ಬಂತು. ಅದರ ಎರಡು ಬಾಗಿಲುಗಳ ಮೇಲೂ ಜೇಡನ ಬಲೆಯಂತೆ ಸಣ್ಣ ಸಣ್ಣ ಬಿರುಕುಗಳು ಎದ್ದಿದ್ದವು. ಅಪ್ಪ ಒಂದು ಮಾತನ್ನೂ ಆಡಲಿಲ್ಲ. ಹಳೆಯ ಮೆರುಗನ್ನೆಲ್ಲ ಹೆರೆದು, ಹೊಸ ಡಬ್ಬಿ ತಂದು, ಹತ್ತು ದಿನ ಬೇರೆ ಕೆಲಸವನ್ನು ಮುಟ್ಟದೆ ಮತ್ತೆ ಮಾಡಿಕೊಟ್ಟರು. ಕಾಸು ಕೇಳಲಿಲ್ಲ. ಆ ವರ್ಷ ನನ್ನ ಪಿ. ಯು. ತರಗತಿಯ ಶುಲ್ಕಕ್ಕೆ ಅಮ್ಮನ ಓಲೆ ಗಿರವಿ ಅಂಗಡಿಗೆ ಹೋಯಿತು. ಬಿರುಕು ಎಂಬ ಮಾತು ನಮ್ಮ ಮನೆಯಿಂದ ಹೊರಕ್ಕೆ ಹೋದದ್ದು ಅಂದಿನಿಂದ.

ಹೀಗಿರಲು, ಕಳೆದ ದಸರಾ ರಜೆಯಲ್ಲಿ ನಾನು ಊರಿಗೆ ಹೋಗಿದ್ದಾಗ ನಡೆದ ಸಂಗತಿಯನ್ನು ಕೇಳಿ.

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮೂರಿನ ತರುಣರೊಬ್ಬರು ಒಂದು ಉದ್ದನೆಯ ಪೆಟ್ಟಿಗೆಯನ್ನು ಹೊತ್ತು ಅಂಗಡಿಗೆ ಬಂದರು. ಪೆಟ್ಟಿಗೆ ತೆರೆದಾಗ ಅದರಲ್ಲಿ ಹೊಚ್ಚಹೊಸ ಎಲೆಕ್ಟ್ರಿಕ್ ಗಿಟಾರು. ವೀಣೆಯಂತೆ ಇದಕ್ಕೆ ಬುರುಡೆಯಿಲ್ಲ, ಟೊಳ್ಳು ಹೊಟ್ಟೆಯಿಲ್ಲ. ಗಟ್ಟಿ ಹಲಗೆಯ ಮೇಲೆ ಉಕ್ಕಿನ ತಂತಿಗಳು. ತಂತಿಯ ಅದುರನ್ನು ಕೆಳಗಿನ ಅಯಸ್ಕಾಂತದ ಸುರುಳಿಗಳು ವಿದ್ಯುತ್ತಾಗಿಸಿ ಧ್ವನಿವರ್ಧಕಕ್ಕೆ ಒಪ್ಪಿಸುತ್ತವೆ. ಆ ಹಲಗೆಯ ಕೆಂಪು ಮೆರುಗು ಕಣ್ಣು ಕೋರೈಸುವಂತಿತ್ತು. ಅಪ್ಪ ತಮ್ಮ ವಾಡಿಕೆಯಂತೆ ಅದರಲ್ಲಿ ಮುಖ ನೋಡಿಕೊಂಡರು.

"ಮೇಸ್ತ್ರಿ, ಇದನ್ನ ಹಳೇದು ಮಾಡಿಕೊಡ್ತೀರಾ?" ಎಂದರು ತರುಣರು.

"ಹೊಸದಾಗೇ ಇದೆಯಲ್ಲ ಸ್ವಾಮಿ, ಇನ್ನೇನು ಹೊಸದು ಮಾಡೋದು?" ಎಂದರು ಅಪ್ಪ.

"ಹೊಸದಲ್ಲ, ಹಳೇದು. ಮೈಮೇಲೆಲ್ಲ ಬಿರುಕು ಬರಬೇಕು."

ಅಂಗಡಿಯಲ್ಲಿ ಒಂದು ಗಳಿಗೆ ಯಾರೂ ಉಸಿರು ಬಿಡಲಿಲ್ಲ. ಅಪ್ಪ ನನ್ನ ಮುಖ ನೋಡಿದರು. ತರುಣರು ತಮ್ಮ ಮೊಬೈಲನ್ನು ತೆರೆದು ಚಿತ್ರಗಳನ್ನು ತೋರಿಸಿದರು. ಬಣ್ಣ ಕಿತ್ತುಹೋದ, ಅಂಚು ಸವೆದ, ಮೈತುಂಬ ಗೆರೆಯೆದ್ದ ಗಿಟಾರುಗಳು; ಒಂದೊಂದರ ಕೆಳಗೂ ನಮ್ಮ ಮನೆಯನ್ನು ಮಾರಿದರೂ ಹುಟ್ಟದಷ್ಟು ಬೆಲೆ. "ಮಗಾ, ಇಂಗ್ಲಿಷಿನಲ್ಲಿ ಏನೇನು ಬರೆದವ್ರೆ, ಓದಿ ತಿಳಿಸು. ಬರೋ ಭಾನುವಾರ ಇವರಿಗೆ ಜವಾಬು ಹೇಳೋಣ" ಎಂದು ಅಪ್ಪ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ನನ್ನ ಮೂರು ವರ್ಷದ ಬಿ. ಎ. ವಿದ್ಯೆಯನ್ನು ಅಪ್ಪ ಪರೀಕ್ಷೆಗೆ ಒಡ್ಡಿದ್ದು ಅದೇ ಮೊದಲು. ಸಾಹಿತ್ಯದ ವಿದ್ಯಾರ್ಥಿಯಾದ ನಾನು ಒಂದು ವಾರ ಮೆರುಗಿನ ಶಾಸ್ತ್ರವನ್ನು ಓದಿದೆ. ರಸಾಯನಶಾಸ್ತ್ರ ಓದುವ ಗೆಳೆಯನೊಬ್ಬನಿಗೆ ಹತ್ತಾರು ಬಾರಿ ಫೋನು ಮಾಡಿ ಕಾಡಿದೆ. ತಿಳಿದದ್ದನ್ನು ವಾಚಕರ ಮುಂದಿಡುತ್ತೇನೆ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಫುಲರ್ಟನ್ ಎಂಬ ಊರು. ಅಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಲಿಯೋ ಫೆಂಡರ್ ಎಂಬಾತ 1950ರ ಸುಮಾರಿಗೆ ಗಟ್ಟಿ ಹಲಗೆಯ ಗಿಟಾರುಗಳನ್ನು ಮಾರಾಟಕ್ಕೆ ತಂದ. 1954ರಲ್ಲಿ ಅವನ ಸ್ಟ್ರಾಟೋಕ್ಯಾಸ್ಟರ್ ಬಂತು. ಮಿಷಿಗನ್ ಪ್ರಾಂತದ ಕಲಮಜೂ ಊರಿನ ಗಿಬ್ಸನ್ ಕಂಪೆನಿ 1952ರಲ್ಲಿ ಲೆಸ್ ಪಾಲ್ ಎಂಬ ಗಿಟಾರನ್ನು ಹೊರತಂದಿತು. ಇವುಗಳಿಗೆ ಹಾಕುತ್ತಿದ್ದ ಮೆರುಗು ನೈಟ್ರೋಸೆಲ್ಯುಲೋಸ್ ಲ್ಯಾಕರ್. ಇದನ್ನು ಓದಿದಾಗ ನಾನು ಎದ್ದು ಹೋಗಿ ಅಂಗಡಿಯ ಡಬ್ಬಿಯನ್ನು ತಿರುಗಿಸಿ ನೋಡಿದೆ. ಅಪ್ಪ ದಿನವೂ ಹೊಡೆಯುವ 'ಎನ್. ಸಿ.' ಎಂಬುದರ ಬಿಚ್ಚಿದ ರೂಪವೇ ಅದು! ಹಾಲಿವುಡ್ಡಿಗೆ ಸಮೀಪದ ಕಾರ್ಖಾನೆಗೂ ನಮ್ಮ ಪೇಟೆ ಬೀದಿಯ ತಗಡಿನ ಅಂಗಡಿಗೂ ಇಂಥ ನಂಟು ಇದ್ದೀತೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಈ ಲ್ಯಾಕರಿನ ಹುಟ್ಟು ವಿಚಿತ್ರವಾದುದು. ಹತ್ತಿಯನ್ನು ನೈಟ್ರಿಕ್ ಆಮ್ಲ ಮತ್ತು ಗಂಧಕಾಮ್ಲಗಳ ಮಿಶ್ರಣದಲ್ಲಿ ಅದ್ದಿದರೆ ನೈಟ್ರೋಸೆಲ್ಯುಲೋಸ್ ಆಗುತ್ತದೆ. ನೈಟ್ರೇಟಿನ ಅಂಶ ಹೆಚ್ಚಾದರೆ ಅದು ತೋಪಿನ ಮದ್ದು. ಕಡಮೆಯಾದರೆ ದ್ರವದಲ್ಲಿ ಕರಗಿ ಮೆರುಗು. ಮೊದಲ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಡ್ಯುಪಾಂಟ್ ಕಂಪೆನಿ ಇದರಿಂದ 'ಡ್ಯೂಕೊ' ಎಂಬ ಕಾರಿನ ಬಣ್ಣವನ್ನು ತಯಾರಿಸಿತು. ಅದುವರೆಗೆ ಕಾರಿನ ಬಣ್ಣ ಒಣಗಲು ವಾರಗಟ್ಟಲೆ ಹಿಡಿಯುತ್ತಿತ್ತು. ಇದು ಗಂಟೆಗಳಲ್ಲಿ ಒಣಗಿತು. ಗಿಟಾರು ಮಾಡುವವರು ಕಾರಿನವರ ಬಣ್ಣಗಳನ್ನೇ ಬಳಸಿಕೊಂಡರು. ಫೆಂಡರನ 'ಫಿಯೆಸ್ಟಾ ರೆಡ್' ಎಂಬ ಕೆಂಪು ಫೋರ್ಡ್ ಕಂಪೆನಿಯ ಥಂಡರ್‌ಬರ್ಡ್ ಕಾರಿನ ಮೈಬಣ್ಣ.

ಲ್ಯಾಕರ್ ಒಣಗುವುದೆಂದರೆ ಅದರ ದ್ರವ ಆರಿಹೋಗುವುದು, ಅಷ್ಟೆ. ಅದರ ಒಳಗೆ ಬೇರೆ ಯಾವ ಕ್ರಿಯೆಯೂ ನಡೆಯುವುದಿಲ್ಲ. ಆದ್ದರಿಂದಲೇ ಎಷ್ಟು ಕಾಲದ ಮೇಲಾದರೂ ತಿನ್ನರ್ ತಾಗಿಸಿದರೆ ಅದು ಮತ್ತೆ ಕರಗುತ್ತದೆ. ಒಣಗಿದ ಪದರ ಗಾಜಿನಂತೆ ಪೆಡಸಾಗದಿರಲೆಂದು ಅದಕ್ಕೆ ಮೆದುಗೊಳಿಸುವ ವಸ್ತುಗಳನ್ನು ಸೇರಿಸುತ್ತಾರೆ. ನಾವು ದೇವರಿಗೆ ಹಚ್ಚುವ ಕರ್ಪೂರ, ತಲೆಗೆ ಒತ್ತುವ ಹರಳೆಣ್ಣೆ ಇವೂ ಆ ಕೆಲಸಕ್ಕೆ ಬಂದಿವೆ. ವರ್ಷಗಳು ಕಳೆದಂತೆ ಆ ಮೆದುಗಾರಿಕೆ ಮೆಲ್ಲಮೆಲ್ಲನೆ ಹೊರಟುಹೋಗುತ್ತದೆ. ಉಳಿದ ಪದರ ಬಿಗಿದುಕೊಂಡು ಕೂಡುತ್ತದೆ. ಕೆಳಗಿನ ಮರವಾದರೋ ಸುಮ್ಮನಿರುವ ಜಾತಿಯಲ್ಲ. ಗಾಳಿಯ ತೇವಕ್ಕೆ ಉಬ್ಬುತ್ತದೆ, ಒಣಹವೆಗೆ ಕುಗ್ಗುತ್ತದೆ. ಇದರ ಜೊತೆಗೆ ಅಮೆರಿಕದ ಚಳಿಗಾಲ. ಹಿಮ ಬೀಳುವ ರಾತ್ರಿ ವಾದಕ ತನ್ನ ಗಿಟಾರನ್ನು ಗಾಡಿಯಲ್ಲಿ ಬಿಟ್ಟಿರುತ್ತಾನೆ. ಬೆಚ್ಚನೆಯ ಸಭಾಂಗಣಕ್ಕೆ ಬಂದು ಪೆಟ್ಟಿಗೆಯನ್ನು ತಟ್ಟನೆ ತೆರೆಯುತ್ತಾನೆ. ಚಳಿಗೆ ಮರಕ್ಕಿಂತ ಹೆಚ್ಚು ಕುಗ್ಗಿ ಬಿಗಿದಿರುವ ಪದರಕ್ಕೆ ಈ ಏರಿಳಿತವನ್ನು ತಾಳಲಾಗದೆ ಸಣ್ಣನೆಯ ಸದ್ದಿನೊಡನೆ ಗೆರೆಗಳು ಏಳುತ್ತವೆ. ಮರದ ಎಳೆಯ ಉದ್ದಕ್ಕೆ ಪದರ ಹೆಚ್ಚು ಬಿಗಿಯುವುದರಿಂದ ಅನೇಕ ಗಿಟಾರುಗಳಲ್ಲಿ ಈ ಗೆರೆಗಳು ಎಳೆಗೆ ಅಡ್ಡವಾಗಿ ಓಡುತ್ತವೆ. ಮೇಲಿನ ಪದರ ಹಳದಿಗೆ ತಿರುಗಿ ಬಿಳಿಯ ಗಿಟಾರು ಬೆಣ್ಣೆಯ ಬಣ್ಣಕ್ಕೆ, ನೀಲಿಯದು ಹಸುರಿಗೆ ಹೊರಳುತ್ತದೆ.

ತಯಾರಿಸಿದವರಿಗೆ ಇದು ಬೇಕಾಗಿರಲಿಲ್ಲ. 1960ರ ದಶಕದ ಕೊನೆಗೆ ಫೆಂಡರ್ ಕಾರ್ಖಾನೆ ಪಾಲಿಯೆಸ್ಟರ್ ಮೆರುಗಿಗೆ ತಿರುಗಿತು. ಅದು ದಪ್ಪ, ಗಟ್ಟಿ. ಒಳಗೆ ರಾಸಾಯನಿಕ ಕ್ರಿಯೆ ನಡೆದು ಕಟ್ಟಿಕೊಂಡ ಚಿಪ್ಪು. ಸುಲಭಕ್ಕೆ ಸವೆಯದು, ತಿನ್ನರಿಗೆ ಕರಗದು. ನಮ್ಮ ಅಪ್ಪನಂಥವರಿಗೆ ಇದು ಸಂತೋಷದ ಸುದ್ದಿಯೇ ಸರಿ. ಆದರೆ ವಾದಕರ ಮನಸ್ಸು ಬೇರೆ ದಾರಿ ಹಿಡಿಯಿತು. ಹಳೆಯ ಗಿಟಾರುಗಳೇ ಬೇಕೆಂದರು. 1958ರಿಂದ 1960ರವರೆಗಿನ ಸನ್‌ಬರ್ಸ್ಟ್ ಬಣ್ಣದ ಲೆಸ್ ಪಾಲ್‌ಗಳು ಇಂದು ಲಕ್ಷಾಂತರ ಡಾಲರುಗಳಿಗೆ ಕೈಬದಲಾಗುತ್ತವೆ.

ಹಳೆಯ ಗಿಟಾರಿನ ಮೈಗೆ ಅರ್ಥ ಉಂಟು ಎಂಬುದನ್ನು ಒಪ್ಪಲೇಬೇಕು. ಐರ್ಲೆಂಡಿನ ರೋರಿ ಗ್ಯಾಲಹರ್ ಎಂಬ ವಾದಕ ಹದಿಹರೆಯದಲ್ಲಿ, 1963ರಲ್ಲಿ, ಕಾರ್ಕ್ ನಗರದಲ್ಲಿ ಕಂತಿನ ಮೇಲೆ ಒಂದು ಸ್ಟ್ರಾಟೋಕ್ಯಾಸ್ಟರ್ ಕೊಂಡ. ಅದು 1961ರಲ್ಲಿ ತಯಾರಾದದ್ದು. 1995ರಲ್ಲಿ ಅವನು ತೀರಿಕೊಳ್ಳುವವರೆಗೂ ಅದನ್ನು ಬಿಡಲಿಲ್ಲ. ಒಮ್ಮೆ ಅದು ಕಳವಾಗಿ, ಮಳೆಯಲ್ಲಿ ನೆನೆದು ಹಳ್ಳದಲ್ಲಿ ಸಿಕ್ಕಿತಂತೆ. ಅವನ ಬೆವರಿಗೂ ತೋಳಿನ ಉಜ್ಜಿಗೂ ಅದರ ಬಣ್ಣ ಬಹುಮಟ್ಟಿಗೆ ಹೋಗಿ ಬರಿಯ ಮರ ಕಾಣಿಸಿತು. 2024ರಲ್ಲಿ ಅದು ಹರಾಜಾಗಿ ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಸೇರಿತು. ಆ ಚಿತ್ರವನ್ನು ನೋಡಿದಾಗ ನನಗೆ ನಮ್ಮಜ್ಜಿಯ ಒನಕೆ ನೆನಪಾಯಿತು. ಹಿಡಿದ ಜಾಗದಲ್ಲಿ ಮಾತ್ರ ಸವೆದ ಒನಕೆ ಅದು.

ಎಲ್ಲರಿಗೂ ಮೂವತ್ತು ವರ್ಷ ಬೆವರು ಸುರಿಸಲು ಪುರಸೊತ್ತೆಲ್ಲಿ? 1995ರಲ್ಲಿ ಫೆಂಡರ್ ಕಂಪೆನಿ 'ರೆಲಿಕ್' ಎಂಬ ಹೆಸರಿನಲ್ಲಿ ಹೊಸ ಗಿಟಾರುಗಳನ್ನೇ ಸವೆಸಿ, ಮಾಸಿಸಿ, ಹಳೆಯದರಂತೆ ಮಾಡಿ ಮಾರಲು ತೊಡಗಿತು. 2021ರಲ್ಲಿ ಗಿಬ್ಸನ್ ಕಂಪೆನಿ ಈ ವಿದ್ಯೆಯಲ್ಲಿ ಪಳಗಿದ ಟಾಮ್ ಮರ್ಫಿಯವರ ಹೆಸರಿನಲ್ಲಿ ಒಂದು ಪ್ರಯೋಗಶಾಲೆಯನ್ನೇ ತೆರೆಯಿತು. ಅಲ್ಲಿ ಮುಪ್ಪಿಗೆ ನಾಲ್ಕು ದರ್ಜೆ: ಅತಿ ಹಗುರ, ಹಗುರ, ಭಾರಿ, ಅತಿ ಭಾರಿ. ಮುಪ್ಪು ಏರಿದಂತೆ ಬೆಲೆಯೂ ಏರುತ್ತದೆ. ಬಿರುಕು ತರಿಸಲು ಮೆದುಗೊಳಿಸುವ ವಸ್ತುವಿಲ್ಲದ ಲ್ಯಾಕರನ್ನು ಹೊಡೆಯುವವರಿದ್ದಾರೆ. ಗಿಟಾರನ್ನು ಬಿಸಿಮಾಡಿ ಒಡನೆಯೇ ತಣಿಸುವವರಿದ್ದಾರೆ. ಕ್ಷೌರದ ಬ್ಲೇಡು ಹಿಡಿದು ಒಂದೊಂದೇ ಗೆರೆಯನ್ನು ಕೊರೆಯುವವರೂ ಇದ್ದಾರೆ. ಬ್ಲೇಡಿನ ಗೆರೆ ನೇರವಾಗಿ ಓಡುತ್ತದೆ. ಕಾಲ ಹಾಕಿದ ಗೆರೆ ಅಲ್ಲಲ್ಲಿ ಬಾಗುತ್ತದೆ, ಕವಲೊಡೆಯುತ್ತದೆ, ನಡುವೆ ಮಾಯವಾಗುತ್ತದೆ ಎಂದು ಬಲ್ಲವರು ಹೇಳುತ್ತಾರೆ. ಇದು ಈ ಕಾಲದವರ ಹುಚ್ಚೇ ಎಂದರೆ ಅದೂ ಅಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿನ ವ್ಯೂಯೋಮ್ ಎಂಬ ಪಿಟೀಲು ತಯಾರಕ ಸ್ಟ್ರಾಡಿವಾರಿಯ ಪಿಟೀಲುಗಳ ಸವೆತವನ್ನು ಕೂಡ ತನ್ನ ಹೊಸ ಪಿಟೀಲುಗಳಲ್ಲಿ ಮೂಡಿಸುತ್ತಿದ್ದ.

ಭಾನುವಾರ ಬಂತು, ತರುಣರೂ ಬಂದರು. ನಾನು ನನ್ನ ವರದಿಯನ್ನು ಒಪ್ಪಿಸಿದೆ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಕೆಡಿಸಿದಷ್ಟೂ ಕೂಲಿ ಹೆಚ್ಚಾ?" ಹೌದೆಂದೆ. ಅಪ್ಪ ತಲೆ ಕೆರೆದುಕೊಂಡರು.

ನನಗೂ ನಗು ಬಂದಿತ್ತು. ಆದರೆ ತರುಣರು ತಮ್ಮ ಕಷ್ಟವನ್ನು ಹೇಳಿದಾಗ ಆ ನಗು ಅರ್ಧಕ್ಕೆ ನಿಂತಿತು. "ಮೊದಲ ಸಂಬಳ ಕೂಡಿಟ್ಟು ಕೊಂಡದ್ದು ಮೇಸ್ತ್ರಿ. ಎಲ್ಲಿ ಗೀರು ಬೀಳುತ್ತೋ ಅಂತ ಭಯ. ನುಡಿಸೋದಕ್ಕಿಂತ ಒರೆಸೋದೇ ಹೆಚ್ಚಾಗಿದೆ. ಮೊದಲೇ ಹಳೇದಾಗಿಬಿಟ್ಟರೆ ಆ ಭಯ ಇರೋಲ್ಲ ನೋಡಿ." ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಹೊಸ ಬಟ್ಟೆ ಉಟ್ಟ ಹಬ್ಬದ ದಿನ ಕೆಸರಿಗೆ ಹೆದರಿ ಆಟಕ್ಕೆ ಹೋಗದೆ ಜಗಲಿಯ ಮೇಲೆ ಕುಳಿತದ್ದು ನನಗೂ ನೆನಪಿದೆ.

ಅಪ್ಪ ಗಿಟಾರನ್ನು ಬೋರಲು ಮಾಡಿ, ಬೆನ್ನಿನ ಮೇಲಿದ್ದ ತಗಡನ್ನು ಬಿಚ್ಚಿ, ಹೊರಗೆ ಕಾಣದ ಗೂಡಿನ ಅಂಚಿನಲ್ಲಿ ತಿನ್ನರ್ ಅದ್ದಿದ ಬಟ್ಟೆಯನ್ನು ಒತ್ತಿ ಹಿಡಿದರು. ಬಟ್ಟೆಗೆ ಬಣ್ಣ ಹತ್ತಲಿಲ್ಲ, ಬೆರಳಿಗೆ ಅಂಟಲಿಲ್ಲ. "ಇದು ಲ್ಯಾಕರ್ ಅಲ್ಲ ಸ್ವಾಮಿ, ಪಿ. ಯು. ಜಾತಿ. ನೀವು ಹೇಳೋ ಗೆರೆ ಇದರಲ್ಲಿ ಏಳೋಲ್ಲ. ಇದಕ್ಕೆ ವಯಸ್ಸಾಗೋಲ್ಲ" ಎಂದರು. (ನಾನು ಪಾಸು ಮಾಡಿದ ಪಿ. ಯು. ಬೇರೆ, ಈ ಪಿ. ಯು. ಬೇರೆ ಎಂದು ವಾಚಕರು ತಿಳಿಯಬೇಕು.) ನಾನು ಒಂದು ವಾರ ಓದಿ ತಿಳಿದದ್ದನ್ನು ಅಪ್ಪ ಒಂದು ಚಿಂದಿ ಬಟ್ಟೆಯಿಂದ ಒಂದು ನಿಮಿಷದಲ್ಲಿ ತಿಳಿದುಕೊಂಡರು.

ಕಡೆಗೆ ಒಪ್ಪಂದವಾಯಿತು. ಹಳೆಯ ಚಿಪ್ಪನ್ನು ತೆಗೆದು ಲ್ಯಾಕರ್ ಹೊಡೆದುಕೊಡುವುದು. ಬಿರುಕಿನ ಮಾತು ಆಮೇಲೆ. ಬಿಸಿಗಾಳಿಯ ಗನ್ನು ಹಿಡಿದು ಆ ಚಿಪ್ಪನ್ನು ಕೆರೆಯಲು ನಮ್ಮಿಬ್ಬರಿಗೆ ಮೂರು ದಿನ ಹಿಡಿಯಿತು. ಲ್ಯಾಕರ್ ಹೊಡೆದ ಮೊದಲ ದಿನವೇ ಜಡಿಮಳೆ. ತೇವದ ಹವೆಯಲ್ಲಿ ಲ್ಯಾಕರ್ ಹೊಡೆದರೆ, ದ್ರವ ಆರುವಾಗ ಮೈ ತಣ್ಣಗಾಗಿ, ಗಾಳಿಯ ನೀರು ಅದರ ಮೇಲೆ ಇಳಿದು ಹಾಲಿನಂತೆ ಬೆಳ್ಳಗಾಗುತ್ತದೆ. ಅಪ್ಪ ಅದನ್ನು ತಿಕ್ಕಿ ತೆಗೆದು, ಬಿಸಿಲು ಬರುವವರೆಗೆ ನಾಲ್ಕು ದಿನ ಕೈಕಟ್ಟಿ ಕುಳಿತರು. ತರುಣರ ಫೋನು ಬಂದರೆ "ಇನ್ನೂ ಒಣಗಿಲ್ಲ" ಎಂಬುದೊಂದೇ ಉತ್ತರ.

ಆ ನಾಲ್ಕು ದಿನಗಳಲ್ಲಿ ಒಂದು ಸಂಜೆ ನಾನು ಧೈರ್ಯ ಮಾಡಿ ಬೀರುವಿನ ಸಂಗತಿ ಕೇಳಿದೆ. ಅಪ್ಪ ಮಳೆಯನ್ನೇ ನೋಡುತ್ತ ಹೇಳಿದರು: "ಮುಹೂರ್ತ ಹತ್ತಿರ ಬಂದಿತ್ತು ಕಣೋ. ಒಂದು ಕೋಟು ಒಣಗೋಕೆ ಮುಂಚೆ ಇನ್ನೊಂದು ಹೊಡೆದೆ, ದಪ್ಪಗೆ ಹೊಡೆದೆ. ಮೇಲೆ ಹೊಳೀತು. ಒಳಗೆ ಹಸಿ ಇತ್ತು." ಐದು ವರ್ಷ ಅವರು ಯಾರಿಗೂ ಹೇಳದಿದ್ದ ಮಾತು ಅದು. ಆತುರಪಡಿಸಿದ ಮದುವೆ ಮನೆಯವರ ಮೇಲೆ ಅವರು ಆಗಲೂ ಒಂದು ಮಾತನ್ನು ಹೊರಿಸಲಿಲ್ಲ.

ದೀಪಾವಳಿಯ ಹೊತ್ತಿಗೆ ಗಿಟಾರು ಸಿದ್ಧವಾಯಿತು. ಚಿಪ್ಪಿನ ಕೆಳಗೆ ಮುಚ್ಚಿಹೋಗಿದ್ದ ಮರದ ಎಳೆಗಳು ತೆಳು ಕೆಂಪಿನಡಿ ಕಾಣುತ್ತಿದ್ದವು. ತರುಣರು ಕೈಯಾಡಿಸಿ ನೋಡಿ, ಬಿರುಕಿನ ಮಾತೆತ್ತಿದರು. ಅಪ್ಪ ಹೇಳಿದರು: "ಬಿರುಕು ಬರಿಸೋ ದಾರಿ ನನಗೆ ಗೊತ್ತು ಸ್ವಾಮಿ, ಒಂದು ಸಲ ಬರಿಸಿದ್ದೀನಿ. ಆದರೆ ಬೇಕು ಅಂತ ಮಾಡೋಕೆ ಹೋದರೆ ಕೈ ಬರಲಿಲ್ಲ. ತೆಳ್ಳಗೆ ಹೊಡೆದಿದ್ದೀನಿ. ನೀವು ನುಡಿಸಿದರೆ ಸವೆಯುತ್ತೆ. ಅದರ ಪಾಡಿಗೆ ಅದು ಬರುತ್ತೆ." ಸ್ವಲ್ಪ ತಡೆದು ಮತ್ತೆ ಹೇಳಿದರು: "ಅಲ್ಲದೆ ನನ್ನ ಅಂಗಡಿಯಿಂದ ಬಿರುಕು ಬಿಟ್ಟ ಮಾಲು ಹೋಯಿತು ಅಂದರೆ ನಾಳೆ ಬಾಗಿಲು ಮಾಡಿಸೋಕೆ ಯಾರು ಬರ್ತಾರೆ?" ತರುಣರು ನಕ್ಕು ಹಣ ಕೊಟ್ಟು ಹೋದರು. ಮೊನ್ನೆ ಅವರು ಒಂದು ಚಿತ್ರ ಕಳಿಸಿದ್ದರು. ಸೊಂಟದ ಪಟ್ಟಿಯ ಬಕಲು ತಾಗಿ ಗಿಟಾರಿನ ಬೆನ್ನಿನ ಮೇಲೆ ಒಂದು ಗೀರು ಬಿದ್ದಿದೆ. ಬಿರುಕು ಇನ್ನೂ ಬಂದಿಲ್ಲ.

ಇಲ್ಲಿಗೆ ಗಿಟಾರಿನ ಕಥೆ ಮುಗಿಯಿತು. ಆದರೆ ನನ್ನದೊಂದು ಕಥೆ ಉಳಿದಿದೆ.

ಮೂರು ವರ್ಷದ ಹಿಂದೆ ಈ ಕಾಲೇಜಿಗೆ ಸೇರುವ ಮುನ್ನಾ ದಿನ ನಾನು ಉಗುರಿನ ಸಂದಿಯ ಅರಗಿನ ಕರೆಯನ್ನು ತಿನ್ನರಿನಿಂದ ತೊಳೆದೆ. ಚರ್ಮ ಸುಲಿದರೂ ಬಿಡಲಿಲ್ಲ. ನಮ್ಮ ಕೇರಿಯ ಮಾತಿನಲ್ಲಿ ಹಾಲು 'ಆಲು,' ಹೂವು 'ಊವು.' ಹಾಸ್ಟೆಲಿನ ನಲ್ಲಿಯ ಹತ್ತಿರ ಯಾರೂ ಇಲ್ಲದ ಹೊತ್ತಿನಲ್ಲಿ ನಿಂತು ಹಕಾರವನ್ನು ಅಭ್ಯಾಸ ಮಾಡಿದೆ. ಹಾಸ್ಟೆಲಿನ ರಿಜಿಸ್ಟರಿನಲ್ಲಿ ತಂದೆಯ ಉದ್ಯೋಗವೆಂಬ ಕಡೆ 'ವ್ಯಾಪಾರ' ಎಂದು ಬರೆದೆ. ಒಣಗುವ ಮುನ್ನವೇ ಕೋಟಿನ ಮೇಲೆ ಕೋಟು ಹೊಡೆದುಕೊಂಡೆ. ಮೇಲೆ ಹೊಳೆಯಿತು. ಒಳಗೆ ಎಷ್ಟು ಹಸಿಯಿತ್ತೆಂಬುದು ನನಗೆ ಗೊತ್ತು. ಅಪ್ಪ ಒಮ್ಮೆ ಕಾಲೇಜು ನೋಡಲು ಬರುತ್ತೇನೆಂದಾಗ ಪರೀಕ್ಷೆಯ ನೆವ ಹೇಳಿ ತಪ್ಪಿಸಿದ್ದೆ.

ಈ ಜನವರಿಯಲ್ಲಿ ನಾನೇ ಕರೆದೆ, ಬಂದರು. ವಾಚನಾಲಯದ ಉದ್ದನೆಯ ಮೇಜನ್ನು ನಾವೆಲ್ಲ ಬಲ್ಲೆವು. ಅದರ ಮೈತುಂಬ ನೂಲಿನಂಥ ಬಿರುಕುಗಳು. ಅಪ್ಪ ಪುಸ್ತಕಗಳತ್ತ ನೋಡಲೇ ಇಲ್ಲ. ಮೇಜಿನ ಮೇಲೆ ಅಂಗೈ ಎಳೆದು, ಬಗ್ಗಿ ಬೆಳಕಿಗೆ ಓರೆಯಾಗಿ ನೋಡಿ, "ಅರಗಿನ ಕೆಲಸ. ಯಾರೋ ಪುಣ್ಯಾತ್ಮ ಚೆನ್ನಾಗಿ ಮಾಡವ್ನೆ" ಎಂದರು. ನಾನು ಮೆಲ್ಲನೆ, "ಬಿರುಕು ಬಿಟ್ಟಿದೆಯಲ್ಲಪ್ಪ" ಎಂದೆ. ಆ ಮಾತನ್ನು ಅವರ ಎದುರಿಗೆ ಆಡಿಬಿಟ್ಟೆನಲ್ಲ ಎಂದು ನಾಲಿಗೆ ಕಚ್ಚಿಕೊಂಡೆ. ಅಪ್ಪ ಬೇಸರಪಡಲಿಲ್ಲ. "ಇದು ತಪ್ಪಲ್ಲ ಕಣೋ, ವಯಸ್ಸು. ಎಷ್ಟು ಮಕ್ಕಳ ಮೊಣಕೈ ಬಿದ್ದದೆಯೋ" ಎಂದರು.

ಅಷ್ಟರಲ್ಲಿ ನಮ್ಮ ಅಧ್ಯಾಪಕರೊಬ್ಬರು ಅಲ್ಲಿಗೆ ಬಂದರು. "ನಮ್ಮ ತಂದೆಯವರು, ಸಾರ್. ಮರಕ್ಕೆ ಪಾಲಿಶ್ ಹಾಕುತ್ತಾರೆ" ಎಂದೆ. ಮೂರು ವರ್ಷದಲ್ಲಿ ನಾನು ಆ ವಾಕ್ಯವನ್ನು ಈ ಕಟ್ಟಡದಲ್ಲಿ ಆಡಿದ್ದು ಅದೇ ಮೊದಲು. ಅಧ್ಯಾಪಕರು ಸಂತೋಷದಿಂದ, "ಹಾಗಾದರೆ ಈ ಮೇಜಿಗೆ ಹೊಸದಾಗಿ ಪಾಲಿಶ್ ಮಾಡಿಕೊಡುತ್ತೀರಾ?" ಎಂದು ಕೇಳಿದರು. ಕೆಲಸವಿಲ್ಲದ ತಿಂಗಳು ಅದು. ಅಪ್ಪ ಒಪ್ಪುವರೆಂದೇ ಭಾವಿಸಿದ್ದೆ. "ಬ್ಯಾಡಿ ಸ್ವಾಮಿ, ಚೆನ್ನಾಗೇ ಅದೆ. ಒಣಬಟ್ಟೆಯಲ್ಲಿ ಒರೆಸಿಕೊಂಡು ಹೋದರೆ ಇನ್ನೂ ಬಾಳ ಕಾಲ ಬರ್ತದೆ" ಎಂದು ಕೈಮುಗಿದರು.

ಇನ್ನು ಕೆಲವೇ ವಾರಗಳಲ್ಲಿ ನಾನು ಈ ಕಾಲೇಜನ್ನು ಬಿಡುತ್ತೇನೆ. ಹಾಸ್ಟೆಲಿನ ರಿಜಿಸ್ಟರಿನಲ್ಲಿ 'ವ್ಯಾಪಾರ' ಎಂಬ ಮಾತು ಹಾಗೆಯೇ ಇದೆ. ಒಮ್ಮೆ ಬರೆದದ್ದನ್ನು ತಿದ್ದುವ ಪದ್ಧತಿಯಿಲ್ಲವೆಂದು ಗುಮಾಸ್ತರು ಹೇಳಿದರು. ಆದಕಾರಣ ಸಂಪಾದಕರ ಅನುಮತಿಯಿಂದ ಅದನ್ನು ಇಲ್ಲಿ ತಿದ್ದಿದ್ದೇನೆ.